ಭಾನುವಾರದ ಚರ್ಚೆಗೆ ‘ಬ್ರದರ್ಸ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಚರ್ಚೆಗೆ ಜಿಮ್ ಶೆರಿಡನ್ ನಿರ್ದೇಶಿಸಿದ 2009ರ ‘ಬ್ರದರ್ಸ್’ ನೋಡಿಕೊಂಡು ಬನ್ನಿ. ಇದು 2004ರ ಡ್ಯಾನಿಶ್ ಸಿನಿಮಾವೊಂದರ ರಿಮೇಕ್. ಸಮಯ ಇದ್ದವರು ಅದನ್ನೂ ನೋಡಿ.

ಅಫ್ಘಾನಿಸ್ತಾನದಲ್ಲಿ ಸತ್ತೇ ಹೋದ ಅಂತ ಮನೆಯವರು ನಂಬಿದ್ದ ಸೈನಿಕ ವಾಪಸ್ ಬರುತ್ತಾನೆ, ಆದರೆ ಸೆರೆಯಲ್ಲಿ ತನ್ನ ಕೈಯಿಂದಲೇ ಆಗಿಹೋದದ್ದನ್ನು ಹೆಂಡತಿಗೂ ಹೇಳಲಾಗದೆ ಒಳಗೊಳಗೇ ಬೇಯುತ್ತಾನೆ. ಊಟದ ಮೇಜಿನ ದೃಶ್ಯ ಮಾತ್ರ ಗಮನವಿಟ್ಟು ನೋಡಿ. ಮಗಳು ಬಲೂನು ಉಜ್ಜಿ ಕಿರ್ ಕಿರ್ ಅನ್ನಿಸುತ್ತಾಳೆ, ಅಷ್ಟೇ. ಆಗ ಸೈನಿಕನ ಪಾತ್ರ ಮಾಡಿರುವ ಟೋಬಿ ಮ್ಯಾಗ್ವೈರ್ ಮುಖ ಬಿಗಿಯುವುದು ನೋಡಿದರೆ ಎದೆ ಹಿಂಡಿದಂತಾಗುತ್ತದೆ. ಯುದ್ಧದ ದೃಶ್ಯಗಳಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ಮಕ್ಕಳ ಜೊತೆ ಕೂತು ನೋಡಬೇಡಿ. ಯಾರಿಗಾದರೂ ಇಂಥ ಕಥೆ ಕಷ್ಟ ಅನಿಸಿದರೆ ನನಗೆ ಒಂದು ಮೆಸೇಜ್ ಹಾಕಿ, ಕಾರಣ ಹೇಳಲೇಬೇಕು ಅಂತೇನಿಲ್ಲ.