ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ರಾತ್ರಿ ಒಂದೂವರೆ. ನಮ್ಮ ಕನ್ನಡ ಸಂಘದ ಪತ್ರಿಕೆಯ ಸಂಚಿಕೆ ಬೆಳಿಗ್ಗೆ ಹೋಗಬೇಕು, ಈ ಪುಟ ಇನ್ನೂ ಖಾಲಿ. ಮೊನ್ನೆ ದೀಪಾವಳಿಯ ಯಕ್ಷಗಾನ ಆಟ ಮುಗಿದು ಕುರ್ಚಿ ಮಡಚುವಾಗ ಮಗಳು ದಾನಿಗಳ ಬ್ಯಾನರ್ ಓದಿ, "ಚೆಂಡೆ ಮಾಮನ ಹೆಸರೆಲ್ಲಿ?" ಅಂದಳು. ಇರಲಿಲ್ಲ. ಕಿರೀಟ ಕೊಟ್ಟವರದಿತ್ತು, ಸ್ಪೀಕರ್ ಕೊಟ್ಟವರದಿತ್ತು. ಅವೆರಡಕ್ಕೂ ವಾಟ್ಸಾಪಿನಲ್ಲಿ ಒಂದೇ ಸಂಜೆಗೆ ದುಡ್ಡು ಸೇರಿತ್ತು. ಹಿಮ್ಮೇಳದವರ, ಅಂದರೆ ಹಾಡುವವರ, ಚೆಂಡೆ-ಮದ್ದಳೆಯವರ ಸಂಭಾವನೆಗೆ ಮೂರು ವಾರ ಬೇಡಿದೆವು. "ಟಿಕೆಟ್ ಹಾಕಿ ಕರೆಸಿದ್ದೀವಲ್ಲ, ಅಮೆರಿಕ ನೋಡಿದ ಹಾಗೂ ಆಯ್ತು" ಅಂದರು ಒಬ್ಬರು. ನಾನೂ ಸುಮ್ನಿದ್ದೆ.

ನಮ್ಮೂರ ದೇವಸ್ಥಾನದ ಫ್ಯಾನಿನ ಮೂರೂ ರೆಕ್ಕೆಗೆ ಕೊಟ್ಟವರ ಹೆಸರು ಬರೆಸಿದ್ದರು, ಕರೆಂಟ್ ಹೋದಾಗ ಮಾತ್ರ ಓದಬಹುದು. ಗದ್ದೆಯಲ್ಲಿ ಆಟ ಇದ್ದರೆ ನಾನು ವೇಷ ಕಟ್ಟುವ ಚೌಕಿಯಲ್ಲೇ. ರಾಕ್ಷಸರ ಬಣ್ಣದ ವೇಷದವರು ಗಂಟೆಗಟ್ಟಲೆ ಕನ್ನಡಿ ಹಿಡಿದು ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಿದ್ದರು, ಒಂದೊಂದೇ ಚುಕ್ಕಿ, ಬಾಯಿ ಬಿಟ್ಟರೆ ಉದುರುತ್ತದೆ ಅಂತ ಕೈಸನ್ನೆಯಲ್ಲೇ ಬೀಡಿ ಕೇಳುವುದು. ನಡುರಾತ್ರಿ ಮಹಿಷಾಸುರ ಸತ್ತು ಒಳಗೆ ಬಂದು ತೆಂಗಿನೆಣ್ಣೆ ಹಚ್ಚಿ ಮುಖ ಒರೆಸಿಕೊಂಡರೆ ಸಣಕಲು ಮನುಷ್ಯ. ಕಿರೀಟಕ್ಕೆ ಬಟ್ಟೆ ಸುತ್ತಿ ಪೆಟ್ಟಿಗೆ. ಅವರಿಗೆ ಪೆಟ್ಟಿಗೆ ಪಕ್ಕ ಚಾಪೆ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ದಿನ ಮೇಳದ ತಿರುಗಾಟ ಮುಗಿದರೆ ಮಳೆಗಾಲವಿಡೀ ನಮ್ಮ ತೋಟದ ಕೂಲಿಗೆ ಬರುತ್ತಿದ್ದರು. "ಮಹಿಷಾಸುರ ಬಂದ, ಗಂಜಿ ಬಡಿಸು" ಅನ್ನುತ್ತಿದ್ದಳು ಅಜ್ಜಿ.

ನಮ್ಮವರನ್ನೇ ಯಾಕೆ ಬೈಯಲಿ? ನದಿಯಾಚೆ ನ್ಯೂಯಾರ್ಕಿನ ಕಲಾಕೇಂದ್ರ ಲಿಂಕನ್ ಸೆಂಟರಿನಲ್ಲಿ 2015ರಲ್ಲಿ ಸಿನಿಮಾ-ಸಂಗೀತ ಉದ್ಯಮಿ ಡೇವಿಡ್ ಗೆಫನ್ 10 ಕೋಟಿ ಡಾಲರ್ ಕೊಟ್ಟರು, ಅಲ್ಲಿನ ಸಂಗೀತದ ಹಾಲ್‌ಗೆ ಅವರ ಹೆಸರು ಬಂತು. ಮೊದಲಿದ್ದ ಏವರಿ ಫಿಶರ್ ಹೆಸರು ತೆಗೆಯಲು ಒಪ್ಪಿದ್ದಕ್ಕೆ ಅವರ ಮನೆಯವರಿಗೆ 1.5 ಕೋಟಿ! ಅದೇ ಆವರಣದ ಸಂಗೀತ ನಾಟಕದ ಸಂಸ್ಥೆ ಮೆಟ್ರೋಪಾಲಿಟನ್ ಒಪೆರಾ, ಕೊರೊನಾ ಬಂದಾಗ, 2020ರ ಏಪ್ರಿಲ್‌ನಿಂದ ವಾದ್ಯದವರಿಗೆ, ಹಾಡುವವರಿಗೆ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ.

ಸರಿ, ಜಾಗ ಮುಗೀತಾ ಬಂತು. ರಾಜ್ಯೋತ್ಸವ ಮುಂದಿನ ಶನಿವಾರ, ಅದೇ ಶಾಲೆಯ ಹಾಲ್, ನಾಲ್ಕಕ್ಕೆ (ನಮ್ಮ ನಾಲ್ಕಲ್ಲ, ಗಡಿಯಾರದ ನಾಲ್ಕು). ಬಿಸಿಬೇಳೆಬಾತ್ ಐದು ಜನ ಬರೆಸಿದ್ದಾರೆ, ಸಾಕು, ಮೊಸರನ್ನಕ್ಕೆ ಯಾರೂ ಇಲ್ಲ. ಮಕ್ಕಳ ಕನ್ನಡ ತರಗತಿ ಭಾನುವಾರ ಹತ್ತಕ್ಕೆ. ಕುರ್ಚಿ ಹಾಕಲು ನಾಲ್ಕು ಜನ ಬೇಕು. ಮುಂದಿನ ಸಂಚಿಕೆಗೆ ಪ್ರೂಫ್ ನೋಡುವವರು ಒಬ್ಬರಾದರೂ ಸಿಗಲಿ, ದಯವಿಟ್ಟು, ನನ್ನ ಕೈಲಿ ಇನ್ನು ಒಬ್ಬಳೇ ಆಗಲ್ಲ.

ಹಿಮ್ಮೇಳದವರ ಸಂಭಾವನೆ ಇನ್ನೂ ಅರ್ಧ ಬಾಕಿ ಇದೆ. ಬ್ಯಾನರಿನಲ್ಲಿ ಹೆಸರು ಬರಲ್ಲ, ಆದರೂ ಕೊಡಿ. ಗುರುವಾರ ಅವರ ವಿಮಾನ. ಏರ್‌ಪೋರ್ಟಿಗೆ ಬಿಡಲು ಒಂದು ಕಾರೂ ಬೇಕು, ಚೆಂಡೆ ಹಿಡಿಸುವಂಥದ್ದು.