ಬೀದಿ ನಾಯಿಗೆ ಕಜ್ಜಿ: ಎಲ್ಲರೂ ಓದಿ

ನಮ್ಮ ಬೀದಿಯ ಕಂದು ನಾಯಿ ಒಂದೇ ಸಮನೆ ಕೆರೆದುಕೊಳ್ಳುತ್ತಿದೆ. ಕಿವಿಯಂಚು, ಮೊಣಕೈ, ಹೊಟ್ಟೆಯಲ್ಲಿ ಕೂದಲು ಉದುರಿ ಹಕ್ಕಳೆಗಟ್ಟಿದೆ. ಕಿವಿಯಂಚನ್ನು ಉಜ್ಜಿದರೆ ಹಿಂಗಾಲು ತಾನಾಗಿ ಕೆರೆಯೋಕೆ ಹೋಗುತ್ತದೆ. ಇವೆಲ್ಲ ನುಸಿಯಿಂದ (ಚರ್ಮದಲ್ಲಿ ಸೇರಿಕೊಳ್ಳುವ ತೀರಾ ಸಣ್ಣ ಹುಳು) ಬರುವ ಕಜ್ಜಿಯ ಗುರುತು. ಬೇರೆ ನಾಯಿಗಳಿಗೆ ಬೇಗ ಹರಡುತ್ತದೆ, ನಮಗೂ ತುರಿಕೆ ಆಗಬಹುದು. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ.

ದಯವಿಟ್ಟು ಎಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ಪಾಪ, ಅದಕ್ಕೆ ಈಗಿರೋ ನೋವೇ ಜಾಸ್ತಿ ಅಲ್ವಾ? ಐವರ್‌ಮೆಕ್ಟಿನ್ ಎಂಬ ನುಸಿ ಕೊಲ್ಲುವ ಔಷಧಿಯನ್ನೂ ಅಂದಾಜಿನ ಮೇಲೆ ಕೊಡಬೇಡಿ, ಕೋಲಿಯಂಥ ನಾಯಿ ತಳಿಗಳಿಗೆ ಪ್ರಾಣಕ್ಕೇ ಕುತ್ತು. ಪಶುವೈದ್ಯರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಔಷಧಿ ಕೊಡುತ್ತಾರೆ. ಮರಿಗಳಿಗೆ ಕಣ್ಣು, ಬಾಯಿ ಸುತ್ತ ಮಾತ್ರ ಕೂದಲು ಉದುರಿ ತುರಿಕೆ ಇಲ್ಲದಿದ್ದರೆ ಬೇರೆ ನುಸಿ ಇರಬಹುದು, ಅದು ಅಂಟುವುದಿಲ್ಲ.

ಶನಿವಾರ ಬೆಳಿಗ್ಗೆ ಪಶು ಆಸ್ಪತ್ರೆಗೆ ಹೊರಡೋಣ. ಆಟೋಗೆ ಜೊತೆ ಬರುವವರು ಇಲ್ಲೇ ಹೇಳಿ.