ಕೆಮ್ಮಣ್ಣಿನ ಮೇಲಿನ ಬಿಳಿ ಎಳೆ

ಪ್ರೀತಿಯ ಗೆಳೆಯಾ,

ಜನವರಿಯಲ್ಲಿ ನಾವಿಬ್ಬರೂ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದು ನೆನಪಿದೆಯಲ್ಲ? ಕುಮಾರಕೃಪಾ ರಸ್ತೆಯ ಆ ನೂಕುನುಗ್ಗಲಿನಲ್ಲಿ ನೀನು ಒಂದು ಚಿತ್ತಾರದ ಮುಂದೆ ನಿಂತುಬಿಟ್ಟಿದ್ದೆ. ಕೆಂಪು ನೆಲ, ಬಿಳಿ ಗೆರೆ, ಸುತ್ತ ಗಾಜಿನ ಚೌಕಟ್ಟು. "ಇದು ನಿಮ್ಮ ಕಡೇದೇ ಅಲ್ವಾ? ಬರೀ ಗೆರೆ ಯಾಕೆ?" ಅಂತ ಕೇಳಿದ್ದೆ. ಶಿರಸಿಯಲ್ಲೇ ಹುಟ್ಟಿ ಬೆಳೆದ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವತ್ತು ನಾಚಿಕೆಯಾಯಿತು. ಅದಕ್ಕೇ ಈ ಸಲ, ದಸರೆ ಮುಗಿದ ಮೇಲೆ ಬರುವ ಭೂಮಿ ಹುಣ್ಣಿಮೆ ಹಬ್ಬಕ್ಕೆ, ಸಿದ್ದಾಪುರದ ಹತ್ತಿರದ ಒಂದು ಹಳ್ಳಿಗೆ ಹೋಗಿ ಎರಡು ದಿನ ಇದ್ದು ಬಂದೆ.

ದಾರಿಯೇ ಒಂದು ಹಬ್ಬ. ಮಳೆ ಹಿಂದೆ ಸರಿದಿದೆ, ಹಸಿರು ಮಾತ್ರ ಹಾಗೇ ಉಳಿದಿದೆ. ಭತ್ತ ಹೊಡೆ ಒಡೆದು ನಿಂತಿದೆ. ಬೆಳಗ್ಗೆ ಎಂಟಾದರೂ ತೋಟದ ಮೇಲಿನ ಮಂಜು ಏಳುವುದಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಅಡಿಕೆಯ ಕೊನೆಕೊಯ್ಲು ಶುರುವಾದರೆ ಎಲ್ಲರಿಗೂ ಗಡಿಬಿಡಿ. ಅದಕ್ಕೆ ಮುಂಚಿನ ಈ ಹದಿನೈದು ದಿನ ನನಗೆ ವರ್ಷದಲ್ಲೇ ಜಾಸ್ತಿ ಇಷ್ಟ.

ನಾನು ಹೋಗಿದ್ದು ದೀವರ ಮನೆಗೆ. ನೀನು ನೋಡಿದ ಚಿತ್ತಾರ ಈ ಸಮುದಾಯದ ಹೆಂಗಸರ ಕಲೆ. ಅಲ್ಲಿ ಅಜ್ಜಿಯೊಬ್ಬರು ಜಗಲಿಯಲ್ಲಿ, ಹಬ್ಬದ ದಿನ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬಿದಿರಿನ ಬುಟ್ಟಿ. ಅದಕ್ಕೆ ಮೊದಲು ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿದ್ದರು. ಕುಂಚ ಅಂದರೆ ಪುಂಡಿ ನಾರಿನ ಒಂದು ಸಣ್ಣ ಜುಟ್ಟು. ಬಣ್ಣ ಅಂದರೆ ನೆನೆಸಿ ಅರೆದ ಅಕ್ಕಿ. ಅಜ್ಜಿ ನಾರನ್ನು ಅದ್ದಿ, ಉಸಿರು ಬಿಗಿಹಿಡಿದು, ಬುಟ್ಟಿಯ ಅಂಚಿನಿಂದ ಕೆಳಗೆ ಎಳೆದರು. ನನಗೆ ಏನೂ ಕಾಣಲಿಲ್ಲ! ಕೆಂಪಿನ ಮೇಲೆ ಒಂದು ಒದ್ದೆ ಗುರುತು, ಅಷ್ಟೇ. "ಒಣಗ್ಲಿ ಮಗಾ, ಆಮೇಲೆ ನೋಡು" ಅಂದರು. ನೋಡುತ್ತಾ ಕೂತೆ. ಗೆರೆ ಮೇಲಿನಿಂದ ನಿಧಾನವಾಗಿ ಬೆಳ್ಳಗಾಗುತ್ತಾ ಬಂತು. ಅಷ್ಟರಲ್ಲಿ ಅಜ್ಜಿ ಕಾಣದ ಗೆರೆಯ ಪಕ್ಕಕ್ಕೆ ಇನ್ನೂ ಮೂರು ಕಾಣದ ಗೆರೆ ಎಳೆದಾಗಿತ್ತು. ಒಂದಕ್ಕೊಂದು ತಾಗಿರಲಿಲ್ಲ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗುರುತೂ ಇಲ್ಲ.

ನಿನ್ನ ಪ್ರಶ್ನೆ ಕೇಳಿದೆ. "ಗೆರೆ ಅಲ್ಲ, ಎಳೆ" ಅಂದರು. ಎರಡೆಳೆ, ಮೂರೆಳೆ ಅಂತ ಲೆಕ್ಕ. ಬೇರೆ ಏನೂ ವಿವರಿಸಲಿಲ್ಲ.

ಹುಣ್ಣಿಮೆಯ ದಿನ ಕತ್ತಲಿರುವಾಗಲೇ ಅದೇ ಬುಟ್ಟಿಗೆ ಕಡುಬು, ಅನ್ನ, ಹತ್ತಾರು ಸೊಪ್ಪು ಬೇಯಿಸಿದ ಚರಗ ತುಂಬಿ ಗದ್ದೆಗೆ ಹೊರಟರು. ತೆನೆ ಕಟ್ಟುವ ಭೂಮಿತಾಯಿ ಈಗ ಬಸುರಿ, ಅವಳ ಬಯಕೆ ತೀರಿಸುವ ಊಟ ಇದು. "ಅಚ್ಚಂಬಲಿ, ಹಾಲಂಬಲಿ" ಅಂತ ಕೂಗುತ್ತಾ ಗದ್ದೆ ತುಂಬ ಚರಗ ಬೀರಿದರು. ಬೆಳಕು ಹರಿಯುವಾಗ ಬುಟ್ಟಿ ಗದ್ದೆಯಂಚಿನಲ್ಲಿತ್ತು, ಹಿಂದೆ ನಿಂತ ಭತ್ತ. ಅಜ್ಜಿ ಎಳೆದ ಎಳೆಗಳೂ ಅದೇ ರೀತಿ ಒತ್ತೊತ್ತಾಗಿ ನೆಟ್ಟಗೆ ನಿಂತಿದ್ದವು. ನಾನು ಮಾತಾಡದೆ ನಿಂತುಬಿಟ್ಟೆ ಕಣೋ. ಗಾಜಿನ ಹಿಂದೆ ಇದು ನಮಗೆ ಕಾಣುವುದಾದರೂ ಹೇಗೆ?

ಊರಿಗೆ ಬಂದವನು ಮಾರಿಕಾಂಬಾ ದೇವಸ್ಥಾನಕ್ಕೂ ಹೋದೆ. ಸಾವಿರ ಸಲ ಹೋಗಿದ್ದೇನೆ, ಅಲ್ಲಿನ ಗೋಡೆಯ ಕಾವಿ ಚಿತ್ರಕ್ಕಾಗಿಯೇ ಹೋಗಿದ್ದು ಇದೇ ಮೊದಲು. ಅಲ್ಲೂ ಕೆಂಪು, ಬಿಳಿ, ಎರಡೇ ಬಣ್ಣ. ಆದರೆ ಕೆಲಸ ಪೂರ್ತಿ ತಿರುಗುಮುರುಗು. ಕಾವಿಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಅಜ್ಜಿ ಬಿಳಿಯನ್ನು ಮೇಲಿಡುತ್ತಾರೆ. ಕಾವಿ ಗೋಡೆ ತಲೆಮಾರುಗಟ್ಟಲೆ ಇರುತ್ತದೆ. ಬುಟ್ಟಿಗೆ ಮುಂದಿನ ವರ್ಷ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು, ಈ ವರ್ಷದ ಚಿತ್ರ ಅಡಿಗೆ ಹೋಗುತ್ತದೆ. ಅದಕ್ಕೆ ನನಗೆ ಸಂಕಟವಾಯಿತು, ಅಜ್ಜಿಗೆ ಆಗಲಿಲ್ಲ.

ಮುಂದಿನ ವರ್ಷ ವಿಜಯದಶಮಿ ಮುಗಿದ ಮಾರನೇ ದಿನವೇ ಬಸ್ಸು ಹತ್ತು. ಹುಣ್ಣಿಮೆ ದಿನ ಬಂದರೆ ಬಣ್ಣದ ಕೆಲಸ ಮುಗಿದಿರುತ್ತದೆ. ಅಜ್ಜಿಗೆ ಹೇಳಿಟ್ಟಿದ್ದೇನೆ. ಬರುವಾಗ ಒಂದು ಟಾರ್ಚು ತಾ, ಕತ್ತಲಲ್ಲಿ ಗದ್ದೆಯಂಚು ತುಂಬಾ ಜಾರುತ್ತದೆ.

ಇಂತಿ ನಿನ್ನ
ಶಿರಸಿಯ ಗೆಳೆಯ